ಎಕರೆಗೆ ಎಷ್ಟು ಟನ್ ಎಂಬ ಲೆಕ್ಕ ಬಿಟ್ಟ ಮೇಲೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ನಾಲ್ಕು ಜನ ದ್ರಾಕ್ಷಿ ಬೆಳೆಗಾರರು ಕೂಡಿದರೆ ಮೊದಲು ಬರುವ ಮಾತು, ‘ಎಕರೆಕ್ಕ ಎಷ್ಟ್ ಟನ್ ಬಂತ್ರಿ?’ ಹಸಿ ಹಣ್ಣು ಮಾರುವವರಿಗೆ ಅದು ಸರಿ. ಮಣೂಕ (ಒಣದ್ರಾಕ್ಷಿ) ಮಾಡುವ ನಮ್ಮಂಥವರನ್ನು ಹಿಂದೆ ಇಟ್ಟದ್ದೇ ಈ ಲೆಕ್ಕ. ಈ ಕಡೆ ನೀರು ಬಂತು, ಬಳ್ಳಿಯೂ ಹಬ್ಬಿತು. ಆದರೂ ಹಣ್ಣು ನಮ್ಮದು, ವಿಂಗಡಿಸುವ ಕೂಲಿ, ಬಾಕ್ಸು, ದಲಾಲಿ ಎಲ್ಲ ಮಹಾರಾಷ್ಟ್ರದ ತಾಸಗಾಂವ–ಸಾಂಗಲಿ ಪೇಟೆಯದು ಎಂಬಂತಾಗಿದೆ. ಆ ದುಡ್ಡಿನಲ್ಲಿ ಒಂದಿಷ್ಟನ್ನು ಇಲ್ಲೇ ಉಳಿಸಿಕೊಳ್ಳಲು ನಾವು ಮಾಡುವುದು ಇಷ್ಟು.

ಮೊದಲು ಸಕ್ಕರೆಯ ಲೆಕ್ಕ. ಒಣಗಿದ ಮಣೂಕದಲ್ಲಿ ಶೇ 15 ತೇವ, ಉಳಿದ 85 ಗಟ್ಟಿ ಅಂಶ. ಬ್ರಿಕ್ಸ್ (ರಸದಲ್ಲಿ ಸಕ್ಕರೆ ಮುಂತಾದ ಕರಗಿದ ಗಟ್ಟಿ ಅಂಶ ಶೇಕಡಾ ಎಷ್ಟು ಎಂಬ ಅಳತೆ) 18 ಇದ್ದಾಗ ಕೊಯ್ದ 10 ಟನ್ ಹಣ್ಣು ಒಣಗಿ ಸುಮಾರು 2,100 ಕೆ.ಜಿ. ಆಗುತ್ತದೆ. ಅದೇ 10 ಟನ್ 23 ಬ್ರಿಕ್ಸ್‌ನದಾದರೆ ಸುಮಾರು 2,700 ಕೆ.ಜಿ. ಕ್ರೇಟು, ಕೂಲಿ, ಡಿಪ್ಪಿಂಗ್ ಆಯಿಲ್ (ಒಣಗಿಸುವ ಮೊದಲು ಹಣ್ಣು ಅದ್ದುವ ದ್ರಾವಣಕ್ಕೆ ಬೆರೆಸುವ ಎಣ್ಣೆ), ಶೆಡ್ಡಿನ ಜಾಗ ಎಲ್ಲವೂ ಹಸಿ ತೂಕದ ಮೇಲೆ ಬೀಳುವ ಖರ್ಚು. ಹಾಗಾಗಿ ಸಕ್ಕರೆ ಕಡಿಮೆ ಇರುವ ಹಣ್ಣು ಒಣಗಿಸುವುದೆಂದರೆ ನೀರು ಆರಿಸಲು ರೊಕ್ಕ ಕೊಟ್ಟಂತೆ. ಹಾಗಂತ 24 ದಾಟುವವರೆಗೆ ಕಾಯಬೇಡಿ. ಅಲ್ಲಿಂದ ಮುಂದೆ ಬ್ರಿಕ್ಸ್ ಏರುವುದು ಬಹುತೇಕ ಕಾಳು ಬಳ್ಳಿಯಲ್ಲೇ ಬಾಡುವುದರಿಂದ. ತೂಕ ಇಳಿಯುತ್ತದೆ, ಹಸಿರು ಬಣ್ಣವೂ ಹೋಗುತ್ತದೆ.

ಬ್ರಿಕ್ಸ್ ಏರದಿರಲು ಮುಖ್ಯ ಕಾರಣ ಗೊನೆಗಳ ಭಾರ. 9×5 ಅಡಿ ಅಂತರದಲ್ಲಿ ಎಕರೆಗೆ 968 ಬಳ್ಳಿ. ಬಳ್ಳಿಗೆ 35 ಗೊನೆ, ಗೊನೆಗೆ 300 ಗ್ರಾಂ ಹಿಡಿದರೆ 10 ಟನ್ ಬಂತು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ 50–60 ಗೊನೆ ಹಾಗೇ ಬಿಟ್ಟರೆ ಟನ್ ಏರುತ್ತದೆ, ಶುಗರ್ 17–18ಕ್ಕೆ ನಿಂತುಬಿಡುತ್ತದೆ. ಹೂ ಬಿಡುವ ಮೊದಲೇ ಹೆಚ್ಚಿನ ಗೊನೆ ತೆಗೆಯಬೇಕು. ಕೈ ಬರುವುದಿಲ್ಲ, ಗೊತ್ತು. ಆದರೂ ತೆಗೆಯಬೇಕು.

ಅಳೆಯುವುದರಲ್ಲೂ ಮೋಸ ಹೋಗುತ್ತೇವೆ. ಗೊನೆಯ ಹೆಗಲಿನ ಕಾಳು ಸಿಹಿ, ತುದಿಯದು ಸಪ್ಪೆ. ಮೇಲಿನ ಒಂದು ಕಾಳು ಹಿಂಡಿ ‘22 ಬಂತು’ ಎಂದು ಕೊಯ್ದರೆ ಸರಾಸರಿ 19 ಇರಬಹುದು. ಬೇರೆ ಬೇರೆ ಸಾಲುಗಳಿಂದ, ಗೊನೆಯ ಮೇಲೆ, ನಡುವೆ, ತುದಿ ಹೀಗೆ ನೂರು ಕಾಳು ಕಿತ್ತು, ಒಟ್ಟಿಗೆ ಹಿಂಡಿ, ಆ ರಸದ ಹನಿ ಹಾಕಿ ನೋಡಿ. ಅದಕ್ಕೂ ಮೊದಲು ಶುದ್ಧ ನೀರು ಹಾಕಿ ಬ್ರಿಕ್ಸ್ ಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಬೇಕು.

ಡಿಪ್ಪಿಂಗ್‌ಗೆ 100 ಲೀಟರ್ ನೀರಿಗೆ ಎರಡೂವರೆ ಕೆ.ಜಿ. ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಮೊದಲು ಒಂದು ಬಕೆಟ್ ನೀರಿನಲ್ಲಿ ಪುಡಿ ಪೂರ್ತಿ ಕರಗಿಸಿ, ಕಲಕುತ್ತ ಆಯಿಲ್ ಸುರಿದು, ಹಾಲಿನಂತಾದ ಮೇಲೆ ಉಳಿದ ನೀರಿಗೆ ಹಾಕಬೇಕು. ಬರಿ ನೀರಿಗೆ ಆಯಿಲ್ ಸುರಿದರೆ ಅದು ಮೇಲೆ ತೇಲುತ್ತದೆ. ಆಗ ಮೇಲಿನ ಹಣ್ಣಿಗೆ ವಿಪರೀತ, ಕೆಳಗಿನದಕ್ಕೆ ಏನೂ ಇಲ್ಲ. ದ್ರಾವಣದ ಪಿಎಚ್ (ಕ್ಷಾರತೆಯ ಅಳತೆ) 11ರ ಆಸುಪಾಸು ಇರಲಿ. ಕ್ರೇಟನ್ನು 2ರಿಂದ 4 ನಿಮಿಷ ಅದ್ದಿದರೆ ಸಾಕು. ಈ ದ್ರಾವಣ ಸಿಪ್ಪೆಯ ಮೇಣವನ್ನು ಸಡಿಲಿಸಿ ಒಳಗಿನ ನೀರಿಗೆ ದಾರಿ ಮಾಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸಿಪ್ಪೆ ಬಿರಿದು ರಸ ಒಸರುತ್ತದೆ, ಕಾಳು ಒಂದಕ್ಕೊಂದು ಅಂಟುತ್ತವೆ. ತೊಟ್ಟಿಯ ಹಾಲುಬಣ್ಣ ಒಡೆದು ಎಣ್ಣೆಯ ಉಂಗುರ ಕಾಣಿಸಿದರೆ ಉಳಿಸಲು ನೋಡದೆ ಚೆಲ್ಲಿ.

ರ‍್ಯಾಕಿನ ಜಾಳಿಯ ಮೇಲೆ ಗೊನೆ ಒಂದೇ ಪದರ ಹರಡಬೇಕು. ಶೆಡ್ಡಿನಲ್ಲಿ ಗಾಳಿ ಅಡ್ಡ ಹಾಯಬೇಕು. ಎಲ್ಲ ಸರಿ ಇದ್ದರೆ 12–15 ದಿನದ ಕೆಲಸ. ಅಕಾಲಿಕ ಮಳೆಗೆ ಹೆದರಿ ತಾಡಪತ್ರಿ ಇಳಿಸಿದವರು ಮಳೆ ನಿಂತ ಕೂಡಲೇ ಎತ್ತಬೇಕು. ರಾತ್ರಿಯಿಡೀ ಮುಚ್ಚಿಟ್ಟರೆ ಒಳಗೆ ಸೆಕೆ ಕಟ್ಟಿ ಕೆಳಗಿನ ಅಂತಸ್ತುಗಳಿಗೆ ಬೂಸ್ಟು ಬರುತ್ತದೆ, ಮೇಲಿನವು ಕಂದಾಗುತ್ತವೆ.

ಇಳಿಸುವ ದಿನ ಮುಷ್ಟಿ ತುಂಬ ಮಣೂಕ ಹಿಡಿದು ಬಿಗಿಯಾಗಿ ಅದುಮಿ ಬಿಡಿ. ಕಾಳು ಬಿಡಿಬಿಡಿಯಾದರೆ ಆಯಿತು, ಮುದ್ದೆಯಾದರೆ ಇನ್ನೂ ಕಾಯಿರಿ. ಅವಸರಪಟ್ಟರೆ ಬಾಕ್ಸಿನೊಳಗೆ ಕಪ್ಪಾಗುತ್ತದೆ. ಮೈಮರೆತು ಶೇ 11 ತೇವಕ್ಕೆ ಇಳಿಯಲು ಬಿಟ್ಟರೆ, 15ರಲ್ಲಿ 1,000 ಕೆ.ಜಿ. ತೂಗುತ್ತಿದ್ದ ಮಾಲು 955 ತೂಗುತ್ತದೆ. 45 ಕೆ.ಜಿ. ಗಾಳಿಗೆ ಹೋಯಿತು.

ಆದಾಯ ನಿಜವಾಗಿ ಬದಲಾಗುವುದು ಇದರ ನಂತರ. ತೊಟ್ಟು ತೆಗೆದು, ಜರಡಿ ಹಿಡಿದು, ಹಸಿರು, ಹಳದಿ, ಕಪ್ಪು ಎಂದು ಬೇರೆ ಮಾಡುವ ಕೆಲಸ ನಮ್ಮ ಶೆಡ್ಡಿನಲ್ಲೇ ಆಗಬೇಕು. ಖರೀದಿದಾರ ಬಾಕ್ಸಿಗೆ ಕೈ ಹಾಕಿ ಹಿಡಿ ತೆಗೆದಾಗ ಹತ್ತು ಕಪ್ಪು ಕಾಳು ಸಿಕ್ಕರೆ ಇಡೀ ಲಾಟಿಗೆ ಆ ಹತ್ತರ ದರವೇ. ವಿಜಯಪುರ ಎಪಿಎಂಸಿಯಲ್ಲೂ ಒಣದ್ರಾಕ್ಷಿ ಹರಾಜು ಇದೆ. ವಿಂಗಡಿಸಿದ ಮಾಲಿದ್ದರೆ ಸಾಂಗಲಿ ದರ ಫೋನಿನಲ್ಲಿ ಕೇಳಿ, ಬಾಡಿಗೆ, ದಲಾಲಿ, ತೂಕದ ಸೋರಿಕೆ ಕಳೆದು, ಎರಡನ್ನೂ ಹೋಲಿಸಿಯೇ ಗಾಡಿ ಹತ್ತಿಸಬಹುದು.

ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟರೆ ಲಾಭ ಖಚಿತ ಎನ್ನುವವರ ಮಾತು ಪೂರ್ತಿ ನಂಬಬೇಡಿ. ಕೆ.ಜಿ.ಗೆ 150 ರೂಪಾಯಿ ದರ, ವರ್ಷಕ್ಕೆ ಶೇ 12 ಬಡ್ಡಿ ಎಂದುಕೊಳ್ಳಿ. ದೀಪಾವಳಿವರೆಗೆ ಆರು ತಿಂಗಳಿಗೆ ಬಡ್ಡಿಯೇ 9 ರೂಪಾಯಿ, ಬಾಡಿಗೆ ಬೇರೆ. ದರ ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಇಟ್ಟದ್ದು ಸಾರ್ಥಕ. ನಾವು ಕಪ್ಪು, ಕಂದು ಮಾಲನ್ನು ಮೊದಲ ವಾರದಲ್ಲೇ ಮಾರಿ ಏಪ್ರಿಲ್ ಚಾಟ್ನಿಯ ಕೂಲಿ ಕೊಟ್ಟುಬಿಡುತ್ತೇವೆ. ಹಳದಿಯಲ್ಲಿ ಅರ್ಧ ಸಾಲದ ಕಂತಿಗೆ. ಸ್ಟೋರಿಗೆ ಹೋಗುವುದು ಚೊಕ್ಕ ಹಸಿರು ಮಾಲು ಮತ್ತು ಉಳಿದ ಹಳದಿ, ಅದೂ ಪ್ರತಿ ಬಾಕ್ಸಿನ ಮೇಲೆ ಕೊಯ್ದ ತಾರೀಕು, ಬ್ರಿಕ್ಸ್, ಪ್ಲಾಟಿನ ಗುರುತು ಬರೆದ ಮೇಲೆ. ಮುಂದಿನ ಅಕ್ಟೋಬರ್‌ನಲ್ಲಿ ಯಾವ ಪ್ಲಾಟಿನಲ್ಲಿ ಎಷ್ಟು ಗೊನೆ ಬಿಡಬೇಕು ಎಂದು ಕೂತು ನೋಡುವುದು ಆ ಬರಹವನ್ನೇ.