ಮುರಕಲ್ಲಿನ ಮನೆಗೆ ಮೆಶ್ ವೈಫೈ ಹಾಕಿದ್ದು

ನಮ್ಮದು ಬ್ರಹ್ಮಾವರದ ಹತ್ತಿರ ಹಳೇ ಹಂಚಿನ ಮನೆ. ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಗೆಯಲ್ಲಿ ಒಳಗೆ ತಂಪೋ ತಂಪು, ಆದರೆ ವೈಫೈ ದಾಟುವುದಿಲ್ಲ. ಫೈಬರ್ ಬಂದದ್ದು ಚಾವಡಿಗೆ, ನನ್ನ ಕೆಲಸದ ಮೇಜು ಹಿಂದಿನ ಕೋಣೆಯಲ್ಲಿ. ಮೀಟಿಂಗಿನಲ್ಲಿ ನನ್ನ ಮಾತು ಆಚೆಯವರಿಗೆ ಅರ್ಧರ್ಧ ಕೇಳುತ್ತಿತ್ತು.

ಮೊದಲು ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಒಂದು ಎಕ್ಸ್‌ಟೆಂಡರ್ ತಂದೆ. ಸುಮ್ನೆ ದುಡ್ಡು ದಂಡ. ಕೋಣೆಗೆ ಬಂದರೂ ಫೋನು ಚಾವಡಿಯ ಸಿಗ್ನಲ್ಲಿಗೇ ಜೋತುಬಿದ್ದಿರುತ್ತಿತ್ತು. ಆಮೇಲೆ ಎರಡು ಪೆಟ್ಟಿಗೆಯ ಮೆಶ್ ತರಿಸಿದೆ. ಅಂದರೆ ಒಂದು ಪೆಟ್ಟಿಗೆ ಚಾವಡಿಯ ರೂಟರಿಗೆ, ಇನ್ನೊಂದು ಅದರಿಂದ ಸಿಗ್ನಲ್ ತಗೊಂಡು ಒಳಗಿನ ಕೋಣೆಗಳಿಗೆ ಹಂಚುವುದಕ್ಕೆ. ಇದರಲ್ಲಿ ಮನೆಯಿಡೀ ಒಂದೇ ಹೆಸರು, ಒಂದೇ ಪಾಸ್‌ವರ್ಡ್.

ಎರಡನೇ ಪೆಟ್ಟಿಗೆಯನ್ನು ನೇರ ನನ್ನ ಮೇಜಿನ ಮೇಲೆ ಇಟ್ಟೆ. ಫೋನಿನಲ್ಲಿ ಕಡ್ಡಿ ಫುಲ್! ಸ್ಪೀಡ್ ನೋಡಿದರೆ 100 ಎಂಬಿಪಿಎಸ್ ಪ್ಲಾನಿನಲ್ಲಿ ಬರೀ 8. ಆ ಪೆಟ್ಟಿಗೆಗೇ ಚಾವಡಿಯಿಂದ ಸರಿಯಾಗಿ ಸಿಗದಿದ್ದರೆ ಅದು ನನಗೆ ಎಲ್ಲಿಂದ ಕೊಡಬೇಕು, ಅಲ್ವಾ? ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ದಪ್ಪ ಗೋಡೆಯಲ್ಲಿ ಸೋತುಹೋಗುತ್ತದೆ. 2.4 ಹೇಗೋ ದಾಟುತ್ತದೆ, ವೇಗ ಕಡಿಮೆ.

ಪೆಟ್ಟಿಗೆಯನ್ನು ನಡುಕೋಣೆಗೆ ತಂದೆ. ಸ್ಟೀಲ್ ಕಪಾಟಿನ ಹಿಂದೆ ಇಟ್ಟಾಗ ಪ್ರಯೋಜನ ಆಗಲಿಲ್ಲ. ಚಾವಡಿ ಬಾಗಿಲಿಗೆ ನೇರವಾಗಿ ಒಂದು ಸ್ಟೂಲಿನ ಮೇಲೆ ಇಟ್ಟೆ ನೋಡಿ, 40 ಬಂತು. ಬಾಗಿಲು ತೆರೆದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ಆದರೂ ಎರಡು ಪೆಟ್ಟಿಗೆ ಗಾಳಿಯಲ್ಲೇ ಮಾತಾಡಿಕೊಂಡರೆ ವೇಗದ ದೊಡ್ಡ ಪಾಲು ಆ ಮಾತಿಗೇ ಹೋಗುತ್ತದೆ. ಊರಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದು ಪಕ್ಕಾಸಿನ ಬದಿಯಲ್ಲಿ ಎರಡು ಪೆಟ್ಟಿಗೆಯ ನಡುವೆ 25 ಮೀಟರ್ ಕ್ಯಾಟ್ 6 ಲ್ಯಾನ್ ಕೇಬಲ್ (ನೆಟ್ ಸಾಗಿಸುವ ತಂತಿ) ಎಳೆಸಿದೆ. "ಇಲಿ ಕಡಿತದೆ" ಅಂತ ಅವರೇ ಪೈಪಿನೊಳಗೆ ಹಾಕಿಕೊಟ್ಟರು. ಪೆಟ್ಟಿಗೆ ಮತ್ತೆ ನನ್ನ ಮೇಜಿಗೆ ಬಂತು. ಈಗ 90ರ ಮೇಲೆ.

ಪ್ರಿಂಟರ್ ಮಾತ್ರ ಎರಡು ದಿನ ಸತಾಯಿಸಿತು. ಅದು ಹಳೇ ರೂಟರಿನ ವೈಫೈಯಲ್ಲೇ ಉಳಿದಿತ್ತು, ಲ್ಯಾಪ್‌ಟಾಪಿಗೆ ಕಾಣುತ್ತಲೇ ಇರಲಿಲ್ಲ. ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಅದು ಬರೀ ವೈಫೈ ಹಂಚುತ್ತದೆ, ಉಳಿದ ಕೆಲಸ ಹಳೇ ರೂಟರಿನದ್ದೇ) ಹಾಕಿ, ಹಳೇ ವೈಫೈ ಬಂದ್ ಮಾಡಿ, ಪ್ರಿಂಟರಿಗೂ ಹೊಸ ವೈಫೈಯ ಹೆಸರು ಕೊಟ್ಟ ಮೇಲೆ ಸರಿಯಾಯಿತು.

ಇನ್ನು ಸಿಡಿಲು. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಲ್ಯಾನ್ ಕೇಬಲ್ ತಾಮ್ರದ್ದು. ಮೇ ತಿಂಗಳ ಸಂಜೆ ಪ್ಲಗ್ ತೆಗೆದರೆ ಸಾಲದು, ಕೇಬಲನ್ನೂ ಎರಡೂ ಕಡೆ ಬಿಡಿಸುತ್ತೇನೆ. ಇದನ್ನು ಅಮ್ಮನಿಗೆ ಹೇಳಿಕೊಟ್ಟದ್ದೇ ತಪ್ಪಾಯಿತೋ ಏನೋ. ಈಗ ದೂರದಲ್ಲಿ ಎಲ್ಲೋ ಗುಡುಗಿದರೂ ಸಾಕು, "ಗುಡುಗು ಬಂತು ಮಾರಾಯ" ಅಂತ ಚಾವಡಿಯ ಕೇಬಲ್ ಕಿತ್ತು ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ನಾನಿಲ್ಲಿ ಮೀಟಿಂಗಿನ ನಡುವೆ ಇರುತ್ತೇನೆ.