ರೇಸ್ ಇಲ್ಲ, ಬೆಟ್ಟ ಇದೆ: ದುಬಾರಿ ರೋಡ್ ಸೈಕಲ್ ಆರಿಸುವುದು ಹೇಗೆ?

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ನಿಂತರೆ ಲಕ್ಷಗಟ್ಟಲೆ ಬೆಲೆಯ ಸೈಕಲ್‌ಗಳು ಒಂದರ ಹಿಂದೆ ಒಂದು ಹತ್ತುವುದು ಕಾಣುತ್ತದೆ. ಬೆಂಗಳೂರಿನವರೇ ಹೆಚ್ಚು. ಅವರ ಜೊತೆ ಚಿಕ್ಕಬಳ್ಳಾಪುರದ ನಮ್ಮಂಥವರೂ ಇದ್ದೇವೆ. ಸಾಧಾರಣ ಸೈಕಲ್ಲನ್ನು ಎರಡು ಮೂರು ವರ್ಷ ತುಳಿದ ಮೇಲೆ ಒಳ್ಳೆಯದೊಂದು ತಗೊಳ್ಳೋಣ ಅನ್ನಿಸುತ್ತದೆ. ಅಂಗಡಿಗೆ ಹೋದರೆ ಬೆಲೆ ಮೂರು ಲಕ್ಷದ ಆಸುಪಾಸಿನಿಂದ ಹತ್ತು ಲಕ್ಷ ದಾಟುವವರೆಗೂ ಇದೆ. ಎಲ್ಲವೂ ಹಗುರವಾದ ಕಾರ್ಬನ್ ಫೈಬರ್ ಫ್ರೇಮಿನವು, ಎಲ್ಲವೂ ಚೆಂದ. ಆರಿಸುವುದು ಹೇಗೆ?

ಮೊದಲ ಕೆಲಸ ಮನೆಯಲ್ಲೇ ಮಾಡಬೇಕು. ಕಳೆದ ಎರಡು ತಿಂಗಳಲ್ಲಿ ಎಲ್ಲೆಲ್ಲಿ ತುಳಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ಮುದ್ದೇನಹಳ್ಳಿ, ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನ, ಶಿಡ್ಲಘಟ್ಟ ರಸ್ತೆ, ತಿಂಗಳಿಗೊಮ್ಮೆ ಬೆಟ್ಟ ಇದ್ದವು. ಊರಿಗೊಂದು ಹಂಪ್ಸ್. ಸುಗ್ಗಿ ಬಂತೆಂದರೆ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆ. ಅದರ ಮೇಲೆ ಹೋದರೆ ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ, ಇಳಿದು ಕೈಯಲ್ಲೇ ಬಿಡಿಸಬೇಕು. ರೇಸ್ ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ನಿಮ್ಮದರಲ್ಲೂ ಇಲ್ಲದಿದ್ದರೆ ರೇಸಿಗೆಂದು ಮಾಡಿದ ಸೈಕಲ್‌ಗೆ ದುಡ್ಡು ಹಾಕಬೇಡಿ.

ಈ ಮಾತು ಹೇಳಲು ಕಾರಣವಿದೆ. ದೊಡ್ಡ ಕಂಪನಿಗಳು ಒಂದೇ ದರ್ಜೆಯಲ್ಲಿ ಎರಡು ಬಗೆ ಮಾಡುತ್ತವೆ. ಸ್ಪೆಷಲೈಸ್ಡ್‌ನಲ್ಲಿ ಟಾರ್ಮ್ಯಾಕ್ ರೇಸಿಗೆ, ರೂಬೆ ದೂರದ ಸವಾರಿಗೆ. ಟ್ರೆಕ್‌ನಲ್ಲಿ ಮಡೋನ್ ಮತ್ತು ಡೊಮಾನೆ. ಜೈಂಟ್‌ನಲ್ಲಿ ಟಿಸಿಆರ್ ಮತ್ತು ಡಿಫೈ. ಎರಡನೇ ಬಗೆಯನ್ನು ಎಂಡ್ಯೂರೆನ್ಸ್ ಅನ್ನುತ್ತಾರೆ. ಅದರಲ್ಲಿ ಹ್ಯಾಂಡಲ್ ಸ್ವಲ್ಪ ಎತ್ತರ, ಮೈಗೆ ಸ್ವಲ್ಪ ಹತ್ತಿರ. ನೋಡುವುದಕ್ಕೆ ಕೆಲವೇ ಸೆಂಟಿಮೀಟರ್ ವ್ಯತ್ಯಾಸ. ನಾನು ಮೊದಲು ಕೊಂಡದ್ದು ರೇಸ್ ಬಗೆ. "ಹ್ಯಾಂಡಲ್ ಕೆಳಗಿದ್ರೇನೇ ಸ್ಪೀಡ್ ಬರೋದು ಸಾರ್" ಎಂದರು ಅಂಗಡಿಯವರು, ನಂಬಿದೆ. ಮೂರು ಗಂಟೆ ತುಳಿದು ಮನೆಗೆ ಬಂದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿರುತ್ತಿದ್ದವು. ಸ್ನಾನ ಮಾಡಿ ಅಂಗಿ ಗುಂಡಿ ಹಾಕಲು ಹೋದರೆ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಅಲ್ಲಿನ ನರ ಒತ್ತಿದರೆ ಹೀಗಾಗುತ್ತದೆ. ಎಂಡ್ಯೂರೆನ್ಸ್ ಸೈಕಲ್‌ಗೆ ಬದಲಾದ ಮೇಲೆ ಅದು ನಿಂತಿತು.

ಇನ್ನು ಗೇರು. ಕೊಳ್ಳುವ ಮುನ್ನ ಇಲ್ಲಿ ಹಲ್ಲು ಎಣಿಸಿ. ನಂದಿಯಲ್ಲಿ ಕೊನೆಯ ಭಾಗವೇ ಜಾಸ್ತಿ ಕಡಿದು, ಅಷ್ಟರಲ್ಲಿ ಕಾಲೂ ಸೋತಿರುತ್ತದೆ. ಮುಂದೆ ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಏರಿನಲ್ಲಿ ನಮ್ಮಂಥವರಿಗೆ ಆ ವೇಗವೇ ಸರಿ. ರೇಸ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 36, ಹಿಂದೆ 30 ಇರುತ್ತದೆ. ಅದೇ ವೇಗದಲ್ಲಿ ಹೋಗಲು ನಿಮಿಷಕ್ಕೆ 50 ಸುತ್ತು ಮಾತ್ರ ಸಿಗುತ್ತದೆ, ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಒತ್ತಬೇಕು. ಹಾಗಾಗಿ ಮುಂದೆ 50-34 (ದೊಡ್ಡದಕ್ಕೆ 50, ಚಿಕ್ಕದಕ್ಕೆ 34 ಹಲ್ಲು), ಹಿಂದೆ 11-34 (ಚಿಕ್ಕದಕ್ಕೆ 11, ದೊಡ್ಡದಕ್ಕೆ 34) ಕೇಳಿ. ಶಿಮಾನೊ ಕಂಪನಿಯ 105 ಎಂಬ ಗೇರ್ ಸೆಟ್‌ನಲ್ಲಿ 11-36 ಕೂಡ ಇದೆ, ಮಂಡಿನೋವು ಇರುವವರು ಅದನ್ನೇ ಹಾಕಿಸಿಕೊಳ್ಳಿ.

ಶಿಮಾನೊದ ಗೇರ್ ಸೆಟ್‌ಗಳಾದ 105, ಅದಕ್ಕಿಂತ ಮೇಲಿನ ಅಲ್ಟೆಗ್ರಾ, ಎಲ್ಲಕ್ಕಿಂತ ಮೇಲಿನ ಡ್ಯೂರಾ-ಏಸ್ ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆಗೆ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೂರಕ್ಕೂ ಹಿಂದೆ 12 ಗೇರೇ. ಗುಂಡಿ ಒತ್ತಿದರೆ ಮೋಟರೇ ಗೇರ್ ಬದಲಿಸುವ ಎಲೆಕ್ಟ್ರಾನಿಕ್ 105ಕ್ಕೂ ಡ್ಯೂರಾ-ಏಸ್‌ಗೂ ತೂಕದಲ್ಲಿ ವ್ಯತ್ಯಾಸ ಅರ್ಧ ಕಿಲೋದಷ್ಟು. ಲೆಕ್ಕ ಹಾಕಿ ನೋಡಿ. ನೀವು, ಸೈಕಲ್, ನೀರಿನ ಬಾಟಲಿ ಸೇರಿ 80 ಕಿಲೋ. ಬೆಟ್ಟ ಹತ್ತಲು 40 ನಿಮಿಷ. ಅರ್ಧ ಕಿಲೋ ಕಡಿಮೆಯಾದರೆ ಉಳಿಯುವುದು ಹದಿನೈದು ಸೆಕೆಂಡ್. ರೇಸಿನಲ್ಲಿ ಆ ಹದಿನೈದು ಸೆಕೆಂಡಿಗೆ ಬೆಲೆ ಇದೆ, ಮೇಲೆ ಹೋಗಿ ಬಿಸಿ ಕಾಫಿ ಕುಡಿಯುವವರಿಗೆ ಇಲ್ಲ. 105 ಸಾಕು. ಕೈಗೆ ಹಗುರ ಬೇಕೆನ್ನುವವರು ಎಲೆಕ್ಟ್ರಾನಿಕ್ ತಗೊಳ್ಳಿ. ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ ಸಾವಿರ ಕಿಲೋಮೀಟರ್ ಆಸುಪಾಸು ಬರುತ್ತದೆ.

ಟೈರಿನ ವಿಷಯದಲ್ಲಿ ಜಿಪುಣತನ ಬೇಡ. 32 ಮಿಲಿಮೀಟರ್ ಟೈರ್ ಹಿಡಿಯುವ ಫ್ರೇಮೇ ಆಗಬೇಕು. ಅಗಲ ಟೈರಿಗೆ ಗಾಳಿ ಕಡಿಮೆ ಸಾಕು. ಹಂಪ್ಸ್ ಮೇಲೂ ಜಲ್ಲಿ ಎದ್ದ ರಸ್ತೆಯಲ್ಲೂ ಸೊಂಟಕ್ಕೆ ಹೊಡೆತ ಕಡಿಮೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಈಗ ಈ ದರ್ಜೆಯ ಬಹುತೇಕ ಎಲ್ಲದರಲ್ಲೂ ಇದೆ. ಹಳೆಯ ಸೈಕಲ್ ಕೊಳ್ಳುವವರು ಮಾತ್ರ ಕಾರ್ಬನ್ ರಿಮ್ಮಿಗೇ ಬ್ರೇಕ್ ಹಿಡಿಯುವ ಬಗೆಯನ್ನು ದೂರ ಇಡಿ. ಬೆಟ್ಟ ಇಳಿಯುವಾಗ ಬ್ರೇಕ್ ಒತ್ತಿಯೇ ಹಿಡಿದರೆ ರಿಮ್ ಕಾದು ಹಾಳಾಗಬಹುದು.

ರಿಪೇರಿಯ ಬಗ್ಗೆಯೂ ಈಗಲೇ ಕೇಳಿ. ವೈರು, ಬ್ರೇಕ್ ಪೈಪು ಎಲ್ಲ ಹ್ಯಾಂಡಲ್ ಒಳಗಿಂದಲೇ ಹಾಯುವ ಸೈಕಲ್‌ಗಳಲ್ಲಿ ಒಂದು ಬೇರಿಂಗ್ ಬದಲಿಸಲು ಅರ್ಧ ಸೈಕಲ್ ಬಿಚ್ಚಬೇಕಾಗುತ್ತದೆ. ನಮ್ಮ ಧೂಳಿಗೆ ಬೇರಿಂಗ್ ಬೇಗ ಹೋಗುತ್ತದೆ, ಬೆಂಗಳೂರು 60 ಕಿಲೋಮೀಟರ್ ದೂರ. ವೈರು ಆದಷ್ಟು ಹೊರಗಿರುವುದು, ಪೆಡಲ್ ತಿರುಗುವ ಬೇರಿಂಗ್ ಭಾಗಕ್ಕೆ, ಅಂದರೆ ಬಾಟಮ್ ಬ್ರಾಕೆಟ್‌ಗೆ, ತಿರುಗಿಸಿ ಬಿಚ್ಚುವ ಥ್ರೆಡ್ ಇರುವುದು ಸಿಕ್ಕರೆ ಅದನ್ನೇ ಹಿಡಿಯಿರಿ.

ಕೊನೆಗೆ ಎರಡು ಸೈಕಲ್ ಉಳಿದಾಗ ಎರಡನ್ನೂ ತುಳಿದು ನೋಡಿ. ಅಂಗಡಿ ಮುಂದೆ ಒಂದು ಸುತ್ತು ಸಾಲದು, ಅರ್ಧ ಗಂಟೆಯಾದರೂ ಬೇಕು. ಬ್ರೇಕ್ ಲಿವರ್ ಮೇಲೆ ಕೈಯಿಟ್ಟಾಗ ಮೊಣಕೈ ತುಸು ಬಾಗಿರಬೇಕು. ಹಾಗೇ ತುಳಿಯುತ್ತಾ ಒಂದು ಕೈ ಬಿಡಿ. ಮೈ ಮುಂದಕ್ಕೆ ಮುಗ್ಗರಿಸಿದರೆ ಹ್ಯಾಂಡಲ್ ನಿಮಗೆ ದೂರ ಇದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್ ಒಂದು ಸೆಂಟಿಮೀಟರ್ ಗಿಡ್ಡದು ಹಾಕಿಕೊಡಲು ಹೇಳಿ, ಮತ್ತೆ ತುಳಿಯಿರಿ. ಹಾಕಿಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ.