ನಕ್ಷೆ ಆಮೇಲೆ, ಮೊದಲು ರಂಗೋಲಿ ಪುಡಿ

ಹುಬ್ಬಳ್ಳಿ-ಧಾರವಾಡದ ಆಸುಪಾಸು ಹೊಸ ಲೈಬ್ರರಿ ಕಟ್ಟುವ ಮುಂಚೆ ನಡೆಯುವ 'ಸಾರ್ವಜನಿಕ ಸಭೆ'ಗಳಲ್ಲಿ ನಾನು ಕೂತಿದ್ದೇನೆ. ಶಾಮಿಯಾನ, ಹಾರ, ಭಾಷಣ, ಉಪ್ಪಿಟ್ಟು. ನಕ್ಷೆ ಆಗಲೇ ತಯಾರಾಗಿ ಗೋಡೆಗೆ ಅಂಟಿರುತ್ತದೆ. ಕೊನೆಗೆ "ಸಲಹೆ ಇದ್ರ ಹೇಳ್ರಿ" ಅನ್ನುತ್ತಾರೆ. ಯಾರೋ ಹಿರಿಯರು ಎದ್ದು "ಕುಡಿಯೋ ನೀರಿನ ವ್ಯವಸ್ಥಾ ಇರ್ಲಿ" ಅನ್ನುತ್ತಾರೆ. ಚಪ್ಪಾಳೆ. ಜನರನ್ನು ಕೇಳಿದ ಶಾಸ್ತ್ರ ಮುಗಿಯಿತು. ಹೀಗೆ ಮಾಡಬೇಡಿ.

ಮೊದಲ ಹೆಜ್ಜೆ ದುಡ್ಡು ಮತ್ತು ಜಾಗ. ಊರಿನವರು ಕೇಳಲು ಹಿಂಜರಿಯಬೇಕಿಲ್ಲ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ನೀವೇ ಕಟ್ಟುತ್ತಿದ್ದೀರಿ. ತೆರಿಗೆ ರಸೀದಿ ತೆಗೆದು ನೋಡಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯನ್ನು ಹಿಡಿಯಿರಿ. 2019ರಿಂದ ಅಲ್ಲಿನ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ.

ಎರಡನೆಯದು ಜನರನ್ನು ಕೇಳುವುದು. ಹೆಚ್ಚಿನವರು ಎಡವುವುದು ಇಲ್ಲೇ.

ಸಭೆಗೆ ಜನ ಬರಲಿ ಎಂದು ಕಾಯಬೇಡಿ, ಜನ ಇದ್ದಲ್ಲಿಗೆ ನೀವೇ ಹೋಗಿ. ಹಿಟ್ಟಿನ ಗಿರಣಿ ಮುಂದೆ ಡಬ್ಬಿ ಇಟ್ಟುಕೊಂಡು ಕಾಯುವ ಹೆಣ್ಣುಮಕ್ಕಳಿಗೆ ಹತ್ತು ನಿಮಿಷ ಬಿಡುವಿರುತ್ತದೆ. ಅಂಗನವಾಡಿ ಬಿಡುವ ಹೊತ್ತಿಗೆ ತಾಯಂದಿರು ಸಿಗುತ್ತಾರೆ. ಮುಂಜಾನೆ ಚಾದಂಗಡಿಯಲ್ಲಿ ಒಂದೇ ಪೇಪರನ್ನು ನಾಲ್ಕು ಹಾಳೆ ಮಾಡಿ ಹಂಚಿಕೊಂಡು ಓದುವ ಅಜ್ಜಂದಿರಿದ್ದಾರೆ. ಗೂಗಲ್ ಫಾರ್ಮ್ ಕಳಿಸಿಬಿಡೋಣ ಎನ್ನುವ ಹುಡುಗರು ಎಲ್ಲ ಕಡೆ ಸಿಗುತ್ತಾರೆ. ಬೇಡ ಎಂದುಬಿಡಿ. ಅದನ್ನು ತುಂಬುವವರು ಹೇಗೂ ಲೈಬ್ರರಿಗೆ ಬರುವವರೇ. ಬಾರದವರನ್ನು ಕೇಳಬೇಕು, ಅಲ್ವಾ?

"ಲೈಬ್ರರಿಯಲ್ಲಿ ಏನು ಬೇಕು?" ಎಂದು ಮಾತ್ರ ಕೇಳಬೇಡಿ. ಎಲ್ಲರೂ "ಒಳ್ಳೇ ಪುಸ್ತಕ" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳಿ. ಈಗ ಎಲ್ಲಿ ಕೂತು ಓದುತ್ತೀರಿ? ದಿನದಲ್ಲಿ ಯಾವಾಗ ಬಿಡುವು? ಹಿಂದೆ ಲೈಬ್ರರಿಗೆ ಹೋಗಿದ್ದರೆ, ಮತ್ತೆ ಯಾಕೆ ಹೋಗಲಿಲ್ಲ? ಉಳಿದೆರಡಕ್ಕಿಂತ ಮೂರನೆಯದರ ಉತ್ತರಕ್ಕೆ ಬೆಲೆ ಜಾಸ್ತಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನೀವು ತಿದ್ದಿ ಶುದ್ಧ ಮಾಡಿದರೆ ಅದು ನಿಮ್ಮ ಉತ್ತರವಾಗುತ್ತದೆ.

ಧಾರವಾಡದ ಕಡೆ ಇನ್ನೊಂದು ತಂಟೆ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಸಪ್ತಾಪುರದ ಸುತ್ತ ಅವರ ದಂಡೇ ಇದೆ. ಅವರಿಗೆ ಲೈಬ್ರರಿಯ ಪುಸ್ತಕ ಬೇಕಿಲ್ಲ, ಟೇಬಲ್ಲು, ಪ್ಲಗ್ಗು ಮತ್ತು ಹನ್ನೆರಡು ತಾಸು ಜಾಗ ಬೇಕು. ತಪ್ಪೇನಿಲ್ಲ. ಆದರೆ ಎಲ್ಲರಿಗೂ ಒಂದೇ ಹಾಲ್ ಕಟ್ಟಿದರೆ ಪೇಪರ್ ಓದುವ ಅಜ್ಜ ನಿಂತೇ ಓದಬೇಕು, ಮಗು ಕೆಮ್ಮಿದರೂ ಶ್... ಅನ್ನಿಸಿಕೊಳ್ಳಬೇಕು. ಪರೀಕ್ಷೆಗೆ ಓದುವವರಿಗೆ ಬೇರೆ ಕೋಣೆ, ಬೇರೆ ಬಾಗಿಲು ಕೊಡಿ. ರಾತ್ರಿ ಉಳಿದ ಕಟ್ಟಡಕ್ಕೆ ಬೀಗ ಹಾಕಿದರೂ ಆ ಕೋಣೆ ನಡೆಯುತ್ತದೆ.

ಮೂರನೆಯದು ನನ್ನ ಮೆಚ್ಚಿನ ಹೆಜ್ಜೆ. ಕಾಗದದ ನಕ್ಷೆ ಎಂಜಿನಿಯರಿಗೆ ಮಾತ್ರ ಅರ್ಥವಾಗುತ್ತದೆ. ಅದಕ್ಕೇ ಖಾಲಿ ಜಾಗದಲ್ಲಿ ರಂಗೋಲಿ ಪುಡಿಯಿಂದ ಕಟ್ಟಡವನ್ನು ನಿಜವಾದ ಅಳತೆಯಲ್ಲೇ ಬರೆಯಿರಿ. ಐದು ಕೆಜಿ ಪುಡಿ, ಒಂದು ಟೇಪು, ಗೌಂಡಿಯ ದಾರ ಸಾಕು. ಬಾಗಿಲಿದ್ದಲ್ಲಿ ಗೆರೆ ಎಳೆಯದೆ ಸಂದಿ ಬಿಡಿ. ಕಪಾಟಿನ ಜಾಗಕ್ಕೆ ಇಟ್ಟಿಗೆ ಸಾಲು ಇಡಿ. ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ, ಜನರನ್ನು ಒಳಗೆ ಓಡಾಡಲು ಬಿಡಿ.

ಒಮ್ಮೆ ಹೀಗೆ ಬರೆದಾಗ ಸೊಂಟದ ಮೇಲೆ ಮಗು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ಗೆರೆ ತುಳಿಯದೆ, ಬಾಗಿಲಿನ ಸಂದಿಯಿಂದಲೇ ಒಳಗೆ ಬಂದಳು. ಸುತ್ತ ನೋಡಿ ಕೇಳಿದಳು: "ಸಂಡಾಸ ಎಲ್ಲೈತ್ರಿ?" ಹಿಂದುಗಡೆ, ಕಟ್ಟಡ ಸುತ್ತಿಕೊಂಡು ಹೋಗಬೇಕು ಎಂದೆವು. "ಹಂಗಾದ್ರ ನಾವ್ಯಾರೂ ಬರಂಗಿಲ್ರಿ," ಅಂದು ಬಂದ ದಾರಿಯಲ್ಲೇ ಹೊರಟಳು. ಎರಡು ತಿಂಗಳು ನಕ್ಷೆ ನೋಡಿದ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಅಲ್ಲೇ ಕಾಲಿನಿಂದ ಪುಡಿ ಅಳಿಸಿ ಶೌಚಾಲಯವನ್ನು ಒಳಗೆ ತಂದೆವು. ಕಟ್ಟಿದ ಮೇಲಾಗಿದ್ದರೆ ಗೋಡೆ ಒಡೆಯಬೇಕಿತ್ತು.

ಗಾಲಿಕುರ್ಚಿ ಇದ್ದವರನ್ನು ಮರೆಯದೆ ಕರೆಯಿರಿ. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಷ್ಟು ಜಾಗ ಎಲ್ಲಿ ಸಿಗುತ್ತದೆ ಎನ್ನುವುದು ಪುಡಿಯಲ್ಲಿ ಬರೆದಾಗಲೇ ಗೊತ್ತಾಗುತ್ತದೆ. ಮಳೆಗಾಲಕ್ಕೆ ಛತ್ರಿ, ಚಪ್ಪಲಿ ಇಡುವ ಜಗಲಿಯೂ ಬೇಕು.

ನಾಲ್ಕು: ಎಂಜಿನಿಯರಿಗೆ ಎರಡು ಮಾತು. ಪುಸ್ತಕ ಭಾರದ ವಸ್ತು. ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ತಾಳುವಂತೆ ಕಟ್ಟುತ್ತಾರೆ, ಪುಸ್ತಕದ ಕೋಣೆಗೆ 600 ಬೇಕು. ಹಳೇ ಮನೆಯ ಮಾಳಿಗೆಯಲ್ಲಿ ಲೈಬ್ರರಿ ಮಾಡೋಣ ಎನ್ನುವ ಅಡ್ಡದಾರಿ ಹಿಡಿಯಬೇಡಿ. ಎರಡನೆಯದು ಮಣ್ಣು. ನವಲಗುಂದ, ರೋಣದ ಕಡೆಯ ಕಪ್ಪು ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಪಾಯ ತೋಡಿದರೆ ಗೋಡೆಯೂ ಬಿರುಕು ಬಿಡುತ್ತದೆ. ಗೆದ್ದಲು ಔಷಧ ಪಾಯದಲ್ಲೇ ಹಾಕಿಸಿ. ಓದುವ ಟೇಬಲ್ಲು ಉತ್ತರದ ಕಿಟಕಿ ಹತ್ತಿರ ಇರಲಿ, ಬೆಳಕು ಬರುತ್ತದೆ, ಬಿಸಿಲು ಅಷ್ಟಾಗಿ ಬರುವುದಿಲ್ಲ.

ಐದು: ಕಪಾಟು. ಮರದ ಪುಡಿ ಒತ್ತಿ ಮಾಡಿದ ಅಗ್ಗದ ಹಲಗೆ ಬೇಡವೇ ಬೇಡ. ಧಾರವಾಡದ ಮಳೆಗಾಲದ ತೇವಕ್ಕೆ ಉಬ್ಬಿ, ಪುಸ್ತಕದ ಭಾರಕ್ಕೆ ಬಾಗುತ್ತದೆ. ಸ್ಟೀಲ್ ಕಪಾಟು ತನ್ನಿ, ಹಲಗೆ ಮೂರು ಅಡಿಗಿಂತ ಉದ್ದ ಬೇಡ. ಗಾಜಿನ ಬಾಗಿಲು, ಬೀಗ ಇರುವ ಬೀರು ಯಾರಾದರೂ ದಾನ ಕೊಟ್ಟರೂ ತೆಗೆದುಕೊಳ್ಳಬೇಡಿ. ಕೀಲಿಕೈ ಹುಡುಕುವುದರಲ್ಲೇ ಓದುವವನ ಆಸೆ ಬತ್ತುತ್ತದೆ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟಿದ್ದಾರೆ. ಮಕ್ಕಳ ಕಪಾಟು ನಾಲ್ಕು ಅಡಿ ದಾಟದಿರಲಿ.

ಉದ್ಘಾಟನೆಯ ಹಾರ ಒಣಗಿದ ಮೇಲೆ, ಮೂರನೇ ತಿಂಗಳಿಗೆ ಅದೇ ಗಿರಣಿ, ಅದೇ ಚಾದಂಗಡಿಗೆ ಹಳೇ ನೋಟ್‌ಬುಕ್ ಹಿಡಿದು ಮತ್ತೆ ಹೋಗಿ. "ಬಂದಿದ್ರೇನ್ರಿ?" ಎಂದು ಕೇಳಿ. ಇಲ್ಲ ಅಂದವರ ಮಾತು ಬರೆಯಲು ಖಾಲಿ ಹಾಳೆ ಇರಲಿ.